‘ಎಚ್ಚರಿಕೆ’ ಯಾರದು? ಯಂತ್ರದ್ದೋ, ಚಾಲಕನದ್ದೋ?

ವಾಹನ ಚಾಲಕರಿಗೆ ನೆರವಾಗುವ ಸಾಧನವೊಂದರ ಪೇಟೆಂಟ್ ಕಾಗದಪತ್ರಗಳನ್ನು ಕನ್ನಡದಲ್ಲಿ ವಿವರಿಸುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ‘ವಾರ್ನಿಂಗ್’ ಎಂದು ಕಂಡಲ್ಲೆಲ್ಲ ನಾವು ‘ಎಚ್ಚರಿಕೆ’ ಎಂದು ಬರೆದು ಮುಂದೆ ಹೋಗುತ್ತೇವೆ. ಪತ್ರಿಕೆಯ ಸುದ್ದಿಗೆ, ರಸ್ತೆ ಬದಿಯ ಫಲಕಕ್ಕೆ ಅದು ಸಾಕು. ಪೇಟೆಂಟ್ ಪರಿಶೀಲನೆಯ ಮಾತು ಬಂದಾಗ ಸಾಲದು. ‘ಚಾಲಕ ಎಚ್ಚರಿಕೆ ವ್ಯವಸ್ಥೆ’ ಎಂದರೆ ಚಾಲಕನಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆಯೋ, ಚಾಲಕನಲ್ಲಿ ಎಚ್ಚರಿಕೆ ಎಷ್ಟು ಉಳಿದಿದೆ ಎಂದು ನೋಡುವ ವ್ಯವಸ್ಥೆಯೋ?

ಸಂದರ್ಭ ಇದು. ದಾವಣಗೆರೆಯಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡುವ ಪರಿಚಿತರೊಬ್ಬರು ಮೆಕ್ಕೆಜೋಳದ ಲೋಡು ಹೊತ್ತು ರಾತ್ರಿ 48ನೇ ರಾಷ್ಟ್ರೀಯ ಹೆದ್ದಾರಿಗೆ ಇಳಿಯುವ ಚಾಲಕರಿಗಾಗಿ ಒಂದು ಸಾಧನ ರೂಪಿಸಿ ಪೇಟೆಂಟಿಗೆ ಅರ್ಜಿ ಹಾಕಿದ್ದಾರೆ. ಸ್ಟೀರಿಂಗ್ ಮುಂದೆ ಇಟ್ಟ ಪುಟ್ಟ ಕ್ಯಾಮೆರಾ ಕಣ್ಣಿನ ರೆಪ್ಪೆಯನ್ನು ಗಮನಿಸುತ್ತದೆ. ರೆಪ್ಪೆ ಮುಚ್ಚಿರುವ ಹೊತ್ತು ಹೆಚ್ಚಾದರೆ ಮೊದಲು ಬಜರ್ ಕೂಗುತ್ತದೆ, ಆಮೇಲೆ ಸೀಟು ನಡುಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅಲ್ಲಿಂದ ಬಂದ ಮೊದಲ ಪರಿಶೀಲನಾ ವರದಿ ಇಂಗ್ಲಿಷಿನಲ್ಲಿದೆ. ಉತ್ತರಕ್ಕೆ ಆರು ತಿಂಗಳ ಗಡುವಿದೆ. ನಿಯಮದ ಪ್ರಕಾರ ಅರ್ಜಿಯ ಕಾಗದಪತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಹಾಗಿದ್ದರೆ ಕನ್ನಡದ ಪದಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಕೆಲವರು ಕೇಳಬಹುದು. ಇಂಗ್ಲಿಷಿನ ಉತ್ತರವನ್ನು ಪೇಟೆಂಟ್ ಏಜೆಂಟರು ಬರೆಯುತ್ತಾರೆ, ಸರಿ. ಆದರೆ ತನ್ನ ಸಾಧನದೊಳಗೆ ಏನು ನಡೆಯುತ್ತದೆ ಎಂದು ಏಜೆಂಟರಿಗೆ ಹೇಳಬೇಕಾದವರು ಅದನ್ನು ಮಾಡಿದವರೇ. ಅವರು ಹೇಳುವುದು ಕನ್ನಡದಲ್ಲಿ. ಅಲ್ಲಿ ಮಾತು ಮಸುಕಾದರೆ ಇಂಗ್ಲಿಷಿನಲ್ಲಿ ಅದು ತಿಳಿಯಾಗುವುದಿಲ್ಲ.

ಮೊದಲ ಎಡವು ಹೆಸರಿನಲ್ಲೇ ಆಯಿತು. ವರದಿಯನ್ನು ಯಾರೋ ‘ಪರೀಕ್ಷಾ ವರದಿ’ ಎಂದು ಹೇಳಿದ್ದರಿಂದ ಅವರು ಲಾರಿಯನ್ನು ಚೆನ್ನೈಗೆ ಒಯ್ಯಬೇಕೇ ಎಂದು ಕೇಳಿದರು. ಪರೀಕ್ಷೆ ಎಂದಮೇಲೆ ವಸ್ತುವನ್ನು ಓಡಿಸಿ ನೋಡುತ್ತಾರೆ ಎಂದುಕೊಳ್ಳುವುದು ಸಹಜ. ಆ ಬಗೆಯ ಪರೀಕ್ಷೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಗಳಲ್ಲಿ, ವಾಹನ ನಿಯಮಗಳ ಅಡಿಯಲ್ಲಿ ನಡೆಯುವಂಥದ್ದು. ಪೇಟೆಂಟ್ ಕಚೇರಿಯವರು ನೋಡುವುದು ಬರವಣಿಗೆಯನ್ನು: ಹೇಳಿಕೊಂಡದ್ದು ಹೊಸತೇ, ಈಗಾಗಲೇ ಗೊತ್ತಿರುವುದಕ್ಕಿಂತ ಮುಂದೆ ಹೋಗಿದೆಯೇ, ಕಾಯಿದೆ ಹೊರಗಿಟ್ಟ ವಿಷಯಗಳಲ್ಲಿ ಸೇರಿದೆಯೇ ಎಂದು. ಇದಕ್ಕೆ ‘ಪರಿಶೀಲನೆ’ ಎಂಬ ಪದವೇ ಒಪ್ಪುತ್ತದೆ. ಪೇಟೆಂಟ್ ಸಿಕ್ಕಿದ ಮಾತ್ರಕ್ಕೆ ಸಾಧನವನ್ನು ಲಾರಿಗೆ ಕೂರಿಸಲು ಪರವಾನಗಿ ದೊರೆತಂತಲ್ಲ. ಬೇರೆಯವರು ಅದನ್ನು ಮಾಡದಂತೆ, ಮಾರದಂತೆ ತಡೆಯುವ ಹಕ್ಕು ದೊರೆಯುತ್ತದೆ, ಅದೂ 20 ವರ್ಷಗಳ ಮಟ್ಟಿಗೆ.

ಈಗ ‘ಎಚ್ಚರಿಕೆ’ಗೆ ಬರುತ್ತೇನೆ. ‘ಎಚ್ಚರ’ ನಿದ್ದೆಯ ಎದುರುಪದ. ಎಚ್ಚರವಾಯಿತು ಎಂದರೆ ನಿದ್ದೆ ತಿಳಿಯಿತು. ಎಚ್ಚರ ತಪ್ಪಿತು ಎಂದರೆ ಪ್ರಜ್ಞೆ ಹೋಯಿತು. ‘ಎಚ್ಚರಿಸು’ ಎಂದರೆ ನಿದ್ದೆಯಿಂದ ಎಬ್ಬಿಸುವುದೂ ಹೌದು, ಅಪಾಯವನ್ನು ಮುಂದಾಗಿ ತಿಳಿಸುವುದೂ ಹೌದು. ‘ಎಚ್ಚರಿಕೆ’ಯಲ್ಲಿ ಈ ಎರಡೂ ಎಳೆಗಳು ಹೆಣೆದುಕೊಂಡಿವೆ. ‘ಪೊಲೀಸರು ಎಚ್ಚರಿಕೆ ನೀಡಿದರು’ ಎಂಬಲ್ಲಿ ಅದು ಹೇಳುವವರಿಂದ ಹೊರಡುತ್ತದೆ. ‘ಎಚ್ಚರಿಕೆಯಿಂದ ರಸ್ತೆ ದಾಟು’ ಎಂಬಲ್ಲಿ ಅದು ದಾಟುವವನಲ್ಲಿ ಇರುತ್ತದೆ. ವಾಕ್ಯದೊಳಗೆ ಇದರಿಂದ ಏನೂ ತೊಂದರೆಯಿಲ್ಲ, ವಿಭಕ್ತಿಯೂ ಕ್ರಿಯಾಪದವೂ ದಾರಿ ತೋರಿಸುತ್ತವೆ. ನಾಲ್ಕು ನಾಮಪದಗಳನ್ನು ವಿಭಕ್ತಿಯಿಲ್ಲದೆ ಸಾಲಾಗಿ ನಿಲ್ಲಿಸಿ ‘ಚಾಲಕ ನೆರವು ಎಚ್ಚರಿಕೆ ವ್ಯವಸ್ಥೆ’ ಎಂದು ಬರೆದಾಗ ಆ ದಾರಿತೋರುಕ ಕಳಚಿಹೋಗುತ್ತದೆ. ಇಂಥ ಸಮಾಸಗಳು ಸರ್ಕಾರಿ ಪ್ರಕಟಣೆಗಳಲ್ಲಿ ಹೆಚ್ಚುತ್ತಿರುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ. ಕನ್ನಡದ ಕಸುವಿರುವುದು ಪ್ರತ್ಯಯಗಳಲ್ಲಿ.

ಪರಿಶೀಲಕರ ಮಟ್ಟಿಗೆ ಇವು ಎರಡು ಬೇರೆ ಆವಿಷ್ಕಾರಗಳು. ಚಾಲಕನ ಸ್ಥಿತಿಯನ್ನು ಅಳೆಯುವ ಬಗೆ ಹೊಸದು ಎಂದರೆ ಅವರು ಹಳೆಯ ದಾಖಲೆಗಳನ್ನು ಒಂದು ಕಡೆ ಹುಡುಕುತ್ತಾರೆ, ಚಾಲಕನನ್ನು ಎಚ್ಚರಿಸುವ ಬಗೆ ಹೊಸದು ಎಂದರೆ ಇನ್ನೊಂದು ಕಡೆ. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ನಿದ್ದೆಯ ಸ್ಥಿತಿಯನ್ನು ತೋರಿಸುವ, ತೂಕಡಿಕೆ ತಡೆಯುವ ಅಲಾರಂಗಳಿಗೆ ‘ಜಿ08ಬಿ 21/06’ ಎಂಬ ಮನೆ ಇದೆ. ‘ಬಿ60ಡಬ್ಲ್ಯು 50/14’ ಎಂಬುದು ಚಾಲಕನಿಗೆ ತಿಳಿಸುವ, ಚಾಲಕನನ್ನು ಎಚ್ಚರಿಸುವ, ಚಾಲಕ ತಾನೇ ಕೈ ಹಾಕುವಂತೆ ಮಾಡುವ ಸಾಧನಗಳದು. ಅಲ್ಲಿನ ಇಂಗ್ಲಿಷಿನಲ್ಲಿ ಇನ್ಫಾರ್ಮ್, ವಾರ್ನ್, ಪ್ರಾಂಪ್ಟ್ ಎಂಬ ಮೂರು ಕ್ರಿಯಾಪದಗಳು ಒಂದರ ಪಕ್ಕ ಒಂದು ನಿಂತಿವೆ. ನಮಗೂ ಮೂರು ಬೇಕು.

ಇನ್ಫಾರ್ಮ್ ಎಂಬುದಕ್ಕೆ ‘ಸೂಚನೆ’ ಹಲವರಿಗೆ ಮೊದಲು ನೆನಪಾಗುತ್ತದೆ. ಅದನ್ನು ಇಲ್ಲಿ ಬಳಸಬಾರದು ಎಂಬುದು ನನ್ನ ಅಭಿಪ್ರಾಯ. ‘ರಸ್ತೆ ಗುಂಡಿ ಮುಚ್ಚಲು ಜಿಲ್ಲಾಧಿಕಾರಿ ಸೂಚನೆ’ ಎಂದು ಪತ್ರಿಕೆಯಲ್ಲಿ ಓದುವಾಗ ಅದು ಆದೇಶ. ‘ಮಳೆ ಬರುವ ಸೂಚನೆ’ ಎಂದಾಗ ಅದು ಬರೀ ಲಕ್ಷಣ. ಯಂತ್ರವು ಚಾಲಕನಿಗೆ ಸೂಚನೆ ಕೊಟ್ಟಿತು ಎಂದರೆ ಹೀಗೆ ಮಾಡು ಎಂದು ಅಪ್ಪಣೆ ಮಾಡಿತೇ, ಪಕ್ಕದಲ್ಲಿ ಸೈಕಲ್ ಇದೆ ಎಂದಷ್ಟೇ ಹೇಳಿತೇ? ಭಾರಿ ವಾಹನಗಳ ಪಕ್ಕದ ಕುರುಡು ಜಾಗದಲ್ಲಿ ಸೈಕಲ್ ಸವಾರರಿದ್ದರೆ ತಿಳಿಸುವ ವ್ಯವಸ್ಥೆಗೆ ವಿಶ್ವಸಂಸ್ಥೆಯ 151ನೇ ವಾಹನ ನಿಯಮವಿದೆ. ಅದರಲ್ಲಿ ಮಾಹಿತಿ ಸಂಕೇತ ಬೇರೆ, ಡಿಕ್ಕಿಯ ಎಚ್ಚರಿಕೆ ಸಂಕೇತ ಬೇರೆ. ಮೊದಲನೆಯದು ಸೈಕಲ್ ಹತ್ತಿರದಲ್ಲಿದೆ ಎನ್ನುತ್ತದೆ. ಎರಡನೆಯದು ಹೀಗೇ ತಿರುಗಿಸಿದರೆ ತಾಗುತ್ತದೆ ಎನ್ನುತ್ತದೆ. ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಕ್ಲೀನರ್ ‘ಬರಲಿ, ಬರಲಿ’ ಎನ್ನುವುದಕ್ಕೂ, ‘ಹೋಲ್ಡಾನ್’ ಎಂದು ಕೂಗಿ ಬಾಡಿಯನ್ನು ಬಡಿಯುವುದಕ್ಕೂ ಇರುವ ಅಂತರ ಇದೇ ಎಂದು ನಮ್ಮ ಪರಿಚಿತರು ತಕ್ಷಣ ಹಿಡಿದರು. 2019ರ ಜುಲೈ 1ರಿಂದ ನಮ್ಮ ಹೊಸ ಕಾರುಗಳಿಗೆ ಕಡ್ಡಾಯವಾದ ವೇಗದ ಸದ್ದಿನಲ್ಲೂ ಇಂಥ ಹಂತಗಳಿವೆ: ಗಂಟೆಗೆ 80 ಕಿ.ಮೀ. ದಾಟಿದರೆ ಬಿಟ್ಟು ಬಿಟ್ಟು ಕೂಗುತ್ತದೆ, 120 ದಾಟಿದರೆ ಬಿಡದೆ ಕೂಗುತ್ತದೆ.

ಈ ಅಂತರಕ್ಕೆ ಕಾನೂನಿನಲ್ಲಿಯೂ ತೂಕವಿದೆ. 1970ರ ಪೇಟೆಂಟ್ ಕಾಯಿದೆಯ 3ನೇ ಸೆಕ್ಷನ್ ಯಾವುವು ಆವಿಷ್ಕಾರ ಅಲ್ಲ ಎಂದು ಹೇಳುತ್ತದೆ. ಅದರ ಎನ್ ಖಂಡದಲ್ಲಿ ‘ಮಾಹಿತಿಯ ಪ್ರಸ್ತುತಿ’ ಇದೆ, ಕೆ ಖಂಡದಲ್ಲಿ ಅಲ್ಗಾರಿದಮ್ ಮತ್ತು ಬರೀ ಕಂಪ್ಯೂಟರ್ ಪ್ರೋಗ್ರಾಂ ಇವೆ. ‘ಚಾಲಕನಿಗೆ ಮಾಹಿತಿ ತೋರಿಸುವ ದೀಪ’ ಎಂದು ಬರೆದುಕೊಂಡು ಹೋದವರು ತಮ್ಮ ಕಾಲಿನಿಂದಲೇ ಎನ್ ಖಂಡದೊಳಕ್ಕೆ ನಡೆದುಹೋದಂತೆ. ಏನನ್ನು ಅಳೆದು, ಯಾವ ಮಿತಿ ದಾಟಿದಾಗ, ವಾಹನದ ಯಾವ ಭಾಗವನ್ನು ಹೇಗೆ ನಡೆಸುತ್ತದೆ ಎಂದು ಹೇಳಿದಾಗಲೇ ತಾಂತ್ರಿಕ ಕೆಲಸ ಕಣ್ಣಿಗೆ ಬೀಳುವುದು. ಹೀಗಾಗಿ ನಾನು ಸದ್ಯಕ್ಕೆ ಇಟ್ಟುಕೊಂಡಿರುವ ಮೂರು ಕ್ರಿಯಾಪದಗಳು ‘ತಿಳಿಸು’, ‘ಎಚ್ಚರಿಸು’, ‘ತೊಡಗಿಸು’. ಸ್ಟೀರಿಂಗ್ ಬಿಟ್ಟು ಕುಳಿತವನು ಅದನ್ನು ಮತ್ತೆ ಹಿಡಿಯುವಂತೆ ಮಾಡುವುದು ತೊಡಗಿಸುವುದು. ನಾಮಪದ ಬೇಕಾದಲ್ಲಿ ಯಂತ್ರದಿಂದ ಹೊರಡುವುದಕ್ಕೆ ‘ಎಚ್ಚರಿಕೆ ಸಂಕೇತ’, ಚಾಲಕನಲ್ಲಿ ಇರುವುದಕ್ಕೆ ‘ಎಚ್ಚರ’. ಬರೀ ‘ಎಚ್ಚರಿಕೆ’ಯನ್ನು ಒಂಟಿಯಾಗಿ ಎಲ್ಲಿಯೂ ಬಿಡುವುದಿಲ್ಲ. ‘ಮುನ್ನೆಚ್ಚರಿಕೆ’ಯನ್ನು ಯೋಚಿಸಿದೆ, ಅದು ಈಗಾಗಲೇ ಜನರು ಕೈಗೊಳ್ಳುವ ಕ್ರಮದ ಅರ್ಥಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ‘ಮುನ್ಸೂಚನೆ’ ಹವಾಮಾನದ ಪಾಲಾಗಿದೆ. ‘ಹುಷಾರು’ ಲಾರಿಯವರ ಬಾಯಲ್ಲಿ ಜೀವಂತವಾಗಿದ್ದರೂ ಹುಷಾರಿಲ್ಲ ಎಂದಕೂಡಲೇ ಜ್ವರ ನೆನಪಾಗುತ್ತದೆ.

ಇಂಗ್ಲಿಷಿಗಿಂತ ಕನ್ನಡ ಹೆಚ್ಚು ಸಿರಿವಂತವಾಗಿರುವ ಜಾಗವೊಂದಿದೆ, ಅಲ್ಲಿ ನಿಮ್ಮ ನೆರವು ಹೆಚ್ಚು ಬೇಕು. ‘ಡ್ರೌಸಿನೆಸ್’ ಎಂಬ ಒಂದೇ ಪದಕ್ಕೆ ನಮ್ಮಲ್ಲಿ ಮಂಪರು, ಜೋಂಪು, ತೂಕಡಿಕೆ ಇವೆ. ನನ್ನ ಕಿವಿಗೆ ಮಂಪರು ಎಂದರೆ ಬುದ್ಧಿ ಮಸುಕಾದ ಸ್ಥಿತಿ, ಹೊರಗಿನವರಿಗೆ ಗೊತ್ತಾಗದೆಯೂ ಇರಬಹುದು. ಜೋಂಪು ಎಂದರೆ ಕಣ್ಣು ಎಳೆದು ಕ್ಷಣ ಕಾಲ ನಿದ್ದೆಗೆ ಜಾರುವುದು. ತೂಕಡಿಕೆಯಲ್ಲಿ ತಲೆ ತೂಗಬೇಕು, ಅದು ನೋಡುವವರಿಗೆ ಕಾಣುತ್ತದೆ. ಸಾಧನಗಳೂ ಇವನ್ನು ಬೇರೆ ಬೇರೆಯಾಗಿಯೇ ಹಿಡಿಯುತ್ತವೆ. ಸ್ಟೀರಿಂಗ್ ತಿರುಗಿಸುವ ರೀತಿ ಒರಟಾಗಿದೆಯೇ ಎಂದು ನೋಡುವ ಸಾಧನ ಮಂಪರನ್ನು ಊಹಿಸುತ್ತದೆ. ರೆಪ್ಪೆಯನ್ನು ನೋಡುವ ಸಾಧನಗಳು ಬಳಸುವ ‘ಪರ್ಕ್ಲೋಸ್’ ಎಂಬ ಅಳತೆ, ಕಣ್ಣು ಶೇ 80ರಷ್ಟಾದರೂ ಮುಚ್ಚಿರುವ ಹೊತ್ತು ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ಎಂಬುದು. ಅದು ಜೋಂಪಿಗೆ ಹತ್ತಿರ. ತಲೆ ವಾಲುವುದನ್ನು ಅಳೆಯುವ ಸಾಧನ ಹಿಡಿಯುವುದು ತೂಕಡಿಕೆಯನ್ನು. ಸ್ವೀಡನ್ನಿನ ಕರೋಲಿನ್ಸ್ಕಾ ಮಾಪನದಲ್ಲಿ ನಿದ್ದೆಯ ಸೆಳೆತಕ್ಕೆ 1ರಿಂದ 9ರವರೆಗೆ ಮೆಟ್ಟಿಲುಗಳಿವೆ. ಯುರೋಪ್ ಒಕ್ಕೂಟದ ನಿಯಮದ ಪ್ರಕಾರ ಚಾಲಕ 8ನೇ ಮೆಟ್ಟಿಲು ತಲುಪಿದಾಗ ವಾಹನ ಎಚ್ಚರಿಸಲೇಬೇಕು. ಈ ಮೆಟ್ಟಿಲುಗಳನ್ನು ಕನ್ನಡದಲ್ಲಿ ಅಂಕಿಗಳಿಲ್ಲದೆಯೇ ಹೇಳಲು ಸಾಧ್ಯವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗದ ಕಡೆ ರಾತ್ರಿ ಗಾಡಿ ಓಡಿಸುವವರು ಇನ್ನೂ ಯಾವ ಪದಗಳನ್ನು ಬಳಸುತ್ತಾರೆ? ಅವರಲ್ಲಿ ಮಂಪರಿಗೂ ಜೋಂಪಿಗೂ ನಾನು ಹೇಳಿದ ವ್ಯತ್ಯಾಸ ಇದೆಯೇ?

ವರದಿಯ ಎರಡನೇ ತೊಡಕು ‘ಆಬ್ವಿಯಸ್’ ಎಂಬ ಪದ. ನಿಘಂಟಿನಿಂದ ಎತ್ತಿಕೊಂಡರೆ ‘ಸ್ಪಷ್ಟ’ ಎಂದಾಗುತ್ತದೆ. ಕಾಯಿದೆಯ 10ನೇ ಸೆಕ್ಷನ್ ಹಕ್ಕಿನ ಬರಹ, ಅಂದರೆ ಅರ್ಜಿಯಲ್ಲಿ ಇಷ್ಟು ತನ್ನದು ಎಂದು ಹೇಳಿಕೊಳ್ಳುವ ವಾಕ್ಯಗಳು, ಸ್ಪಷ್ಟವಾಗಿಯೂ ಚುಟುಕಾಗಿಯೂ ಇರಬೇಕು ಎನ್ನುತ್ತದೆ. 2ನೇ ಸೆಕ್ಷನ್ ಆವಿಷ್ಕಾರ ‘ಆಬ್ವಿಯಸ್’ ಆಗಿರಬಾರದು ಎನ್ನುತ್ತದೆ. ಎರಡಕ್ಕೂ ‘ಸ್ಪಷ್ಟ’ ಎಂದರೆ ಒಂದೇ ಅರ್ಜಿ ಸ್ಪಷ್ಟವಾಗಿರಬೇಕು, ಸ್ಪಷ್ಟವಾಗಿರಲೂಬಾರದು! ಓದಿದವರು ದಿಕ್ಕೆಡದೆ ಇನ್ನೇನು ಮಾಡಿಯಾರು? ‘ಸ್ವಯಂವೇದ್ಯ’ ಶುದ್ಧ ಪದವಾದರೂ ಗ್ಯಾರೇಜಿನಲ್ಲಿ ನಿಲ್ಲುವುದಿಲ್ಲ. ಕಾಯಿದೆ ಕೇಳುವುದು ಇಷ್ಟು: ಆ ಕೆಲಸ ಬಲ್ಲವನೊಬ್ಬ ಈಗಾಗಲೇ ಇರುವ ತಿಳಿವಳಿಕೆಯನ್ನು ಮುಂದಿಟ್ಟುಕೊಂಡು ಕುಳಿತರೆ ಇದು ಅವನಿಗೆ ತಾನಾಗಿ ಹೊಳೆಯುತ್ತಿತ್ತೇ? ‘ಹೊಳೆ’ ಎಂಬ ಕ್ರಿಯಾಪದ ಈ ಕೆಲಸಕ್ಕೆಂದೇ ಇದ್ದಂತಿದೆ. ‘ಬಲ್ಲವನಿಗೆ ತಾನೇ ಹೊಳೆಯುವಂಥದ್ದು’ ಎಂದು ಬರೆದೆ. ನಮ್ಮ ಪರಿಚಿತರಿಗೆ ಎರಡನೇ ಮಾತು ಬೇಕಾಗಲಿಲ್ಲ. ಕ್ಯಾಮೆರಾ ಗೊತ್ತು, ಬಜರ್ ಗೊತ್ತು, ನಡುಗುವ ಮೋಟಾರು ಗೊತ್ತು. ಗೊತ್ತಿರುವ ಸಾಧನಗಳು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುವ ಬರೀ ಜೋಡಣೆಯನ್ನು 3ನೇ ಸೆಕ್ಷನ್ನಿನ ಎಫ್ ಖಂಡ ಒಪ್ಪುವುದಿಲ್ಲ ಎಂಬ ಆಕ್ಷೇಪವೂ ಅವರಿಗೆ ಅರ್ಥವಾಯಿತು. ಕೂಡಲೇ ಅವರು ಕೊಟ್ಟ ಉತ್ತರ ವರದಿಗೆ ಬೇಕಾದದ್ದೇ ಆಗಿತ್ತು: ಲಾರಿ ನಿಂತಿದ್ದರೆ ಕಣ್ಣು ಮುಚ್ಚಿದರೂ ಸಾಧನ ಸುಮ್ಮನಿರುತ್ತದೆ, ವೇಗ ಹೆಚ್ಚಿದಂತೆ ಅದು ತಾಳುವ ಹೊತ್ತು ಕಡಿಮೆಯಾಗುತ್ತದೆ, ಬಜರಿಗೆ ಚಾಲಕ ಓಗೊಟ್ಟರೆ ಸೀಟು ನಡುಗುವುದಿಲ್ಲ. ಒಂದರ ಕೆಲಸ ಇನ್ನೊಂದನ್ನು ಬದಲಿಸುತ್ತದೆ. ಅರ್ಜಿಯ ವಿವರಣೆಯಲ್ಲಿ ಇದೆಲ್ಲ ಇದೆ, ಹಕ್ಕಿನ ಬರಹದಲ್ಲಿ ಬಂದಿರಲಿಲ್ಲ.

ಸಣ್ಣವು ಎರಡು. ‘ಕೊಲಿಷನ್’ ಎಂಬುದಕ್ಕೆ ‘ಘರ್ಷಣೆ’ ಬೇಡ, ಶಾಲೆಯ ವಿಜ್ಞಾನ ಪಾಠದಿಂದ ಅದು ಬ್ರೇಕಿನ ಉಜ್ಜುವಿಕೆಯನ್ನು ನೆನಪಿಸುತ್ತದೆ, ‘ಡಿಕ್ಕಿ’ ಇರಲಿ. ಗಂಟೆಗೆ 72 ಕಿ.ಮೀ. ವೇಗದ ಲಾರಿಯ ಮುಂದೆ 30 ಮೀಟರ್ ದೂರದಲ್ಲಿ 36 ಕಿ.ಮೀ. ವೇಗದ ಟ್ರ್ಯಾಕ್ಟರ್ ಹೋಗುತ್ತಿದ್ದರೆ ಸೆಕೆಂಡಿಗೆ 10 ಮೀಟರ್ ಅಂತರ ಕರಗುತ್ತದೆ. ‘ಡಿಕ್ಕಿಗೆ ಉಳಿದ ಸಮಯ’ ಮೂರು ಸೆಕೆಂಡು. ಇನ್ನು ‘ಲೇನ್ ಡಿಪಾರ್ಚರ್’ ಎಂಬುದಕ್ಕೆ ‘ಪಥಭ್ರಂಶ’ ಎಂದು ಬರೆದರೆ ಚಾಲಕನ ನಡತೆಯ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ಇಂಡಿಕೇಟರ್ ಹಾಕದೆ, ಅರಿವಿಲ್ಲದೆ ಗೆರೆ ದಾಟುವುದಷ್ಟೇ ಅಲ್ಲಿ ವಿಷಯ. ‘ಗೆರೆ ದಾಟಿದ ಎಚ್ಚರಿಕೆ ಸಂಕೇತ’ ಸಾಕೆನಿಸುತ್ತದೆ.

ಕೊನೆಯದಾಗಿ ‘ಕ್ಲೇಮ್’. ಅರ್ಜಿಯ ತುದಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆಯುವ, ಎಲ್ಲಿಂದ ಎಲ್ಲಿಯವರೆಗೆ ತನ್ನದು ಎಂದು ಹೇಳುವ ವಾಕ್ಯಗಳು ಇವು. ಮೇಲೆ ಇದನ್ನೇ ‘ಹಕ್ಕಿನ ಬರಹ’ ಎಂದು ಸುತ್ತಿಬಳಸಿ ಹೇಳಿದ್ದೇನೆ. ‘ಹಕ್ಕೊತ್ತಾಯ’ ಎಂದರೆ ಮನವಿ ಪತ್ರ ಹಿಡಿದ ಮೆರವಣಿಗೆ ಕಣ್ಣಿಗೆ ಬರುತ್ತದೆ, ‘ಕ್ಲೇಮು’ ಎಂದರೆ ವಿಮೆ. ನನ್ನ ಮನಸ್ಸು ವಾಲುತ್ತಿರುವುದು ‘ಚಕ್ಕುಬಂದಿ’ಯ ಕಡೆಗೆ. ಜಮೀನಿನ ಪತ್ರದಲ್ಲಿ ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಪದ ಇದು, ಈ ಭಾಗದ ರೈತರೆಲ್ಲರಿಗೂ ಗೊತ್ತು. ಹಕ್ಕು ಎಷ್ಟು ಅಗಲ ಎಂಬುದು ಎಲ್ಲೆಯಿಂದ ತೀರ್ಮಾನವಾಗುವುದು, ನೆರೆಯವರ ಜಾಗಕ್ಕೆ ದಾಟಿದರೆ ತಕರಾರು ಬರುವುದು ಎರಡೂ ಕಡೆ ಒಂದೇ. ಸೀಟು ನಡುಗುವ ಅಂಶವನ್ನು ಮೊದಲ ವಾಕ್ಯಕ್ಕೇ ಸೇರಿಸಿದರೆ ಎಲ್ಲೆ ಕಿರಿದಾಗುತ್ತದೆ, ಅದನ್ನು ಆಧರಿಸಿದ ಎರಡನೇ ವಾಕ್ಯಕ್ಕೆ ಬಿಟ್ಟರೆ ಮೊದಲನೆಯದು ಅಗಲವಾಗಿ ಉಳಿಯುತ್ತದೆ ಎಂಬುದನ್ನು ಈ ಪದದಿಂದ ಸುಲಭವಾಗಿ ವಿವರಿಸಬಹುದು. ಅಡ್ಡಿ ಒಂದೇ: ಪದ ನೆಲಕ್ಕೆ ತೀರಾ ಅಂಟಿಕೊಂಡಿದೆಯೇನೋ ಎಂಬ ಅನುಮಾನ. ನೋಂದಣಿ ಕಚೇರಿಗಳ ಪತ್ರ ಬರಹಗಾರರು, ಹಳೆಯ ಕಾಗದಪತ್ರ ಓದಿದವರು ಯಾರಾದರೂ ದಯವಿಟ್ಟು ತಿಳಿಸಿ. ಜಮೀನು, ಮನೆ, ನಿವೇಶನ ಬಿಟ್ಟು ಬೇರೆ ಯಾವುದರ ಎಲ್ಲೆಗಾದರೂ ‘ಚಕ್ಕುಬಂದಿ’ ಎಂದು ಬರೆದದ್ದನ್ನು ನೀವು ಕಂಡಿದ್ದೀರಾ?