‘ಪ್ಲೆಂ-ಶಾಂ’ ಎಂಬುದಕ್ಕೆ ಪಠಣವೋ, ಗಾನವೋ, ಧಾಟಿಯೋ?

ಮಾನ್ಯರೇ,

ಫ್ರೆಂಚ್ ಆರ್ಗನ್ ಸಂಗೀತವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ರೆಂಚ್ ಆರ್ಗನ್ ವಾದಕ, ಸಂಗೀತ ರಚನಕಾರ ಶಾರ್ಲ್-ಮರೀ ವಿದೋರ್ ಅವರ ಎರಡು ಕೃತಿಗಳು ಅದರ ಮುಖ್ಯ ವಸ್ತು: 1895ರ ‘ಗೋಥಿಕ್ ಸಿಂಫೊನಿ’ ಮತ್ತು 1900ರಲ್ಲಿ ಪ್ರಕಟವಾದ, ಫ್ರೆಂಚಿನಲ್ಲಿ ‘ರೊಮಾನ್’ ಎಂದು ಕರೆಯುವ ಸಿಂಫೊನಿ. ಮೊದಲನೆಯದು ರೂಆಂ ನಗರದ ಸೆಂತ್-ಊವಾಂ ಚರ್ಚಿಗೆ, ಎರಡನೆಯದು ತುಲೂಸಿನ ಸೆಂ-ಸೆರ್ನೆಂ ಚರ್ಚಿಗೆ ನಂಟಾದದ್ದು. ಎರಡು ಕಡೆಯೂ ಆರ್ಗನ್ ತಯಾರಕ ಕವಾಯೆ-ಕೋಲ್ ಕಟ್ಟಿದ ವಾದ್ಯಗಳಿವೆ. ಎರಡು ಕೃತಿಗಳಿಗೂ ಆಧಾರವಾಗಿರುವುದು ಲ್ಯಾಟಿನ್ ಪೂಜಾವಿಧಿಯ ಹಳೆಯ ಹಾಡುಗಾರಿಕೆ. ‘ಗ್ರೆಗೋರಿಯನ್’ ಎಂದು ಹೆಸರಾದ ಅದನ್ನೇ ಫ್ರೆಂಚರು ‘ಪ್ಲೆಂ-ಶಾಂ’ ಎನ್ನುತ್ತಾರೆ. ನನ್ನ ತೊಡಕು ಈ ಪದದ್ದು.

ನಮ್ಮಲ್ಲಿ ಇದಕ್ಕೆ ‘ಪಠಣ’ ಎಂದು ಬರೆಯುವ ರೂಢಿ ಕಾಣುತ್ತದೆ, ಆದರೆ ಅದು ನನಗೆ ಒಪ್ಪಿಗೆಯಿಲ್ಲ. ಪಠಣವೆಂದರೆ ಸಹಸ್ರನಾಮ ಪಠಣದಂತೆ ಅಕ್ಷರ ಅಕ್ಷರವಾಗಿ ಓದಿ ಹೇಳುವುದು. ಎರಡನೆಯ ಸಿಂಫೊನಿಗೆ ಮೂಲವಾದ ‘ಹೇಕ್ ದಿಯೆಸ್’ ಈಸ್ಟರ್ ಹಬ್ಬದ ಹಾಡು. 118ನೆಯ ಕೀರ್ತನೆಯ ನಾಲ್ಕಾರು ಪದಗಳು ಮಾತ್ರ (ಕನ್ನಡ ಬೈಬಲಿನ ‘ಕೀರ್ತನೆ’ ಬೇರೆ, ದಾಸರ ಕೀರ್ತನೆ ಬೇರೆ ಎಂಬುದು ಮತ್ತೊಂದು ಗೋಜಲು). ಒಂದೊಂದು ಅಕ್ಷರದ ಮೇಲೂ ಸ್ವರಗಳ ಗೊಂಚಲೇ ಬರುವುದರಿಂದ ವಿದೋರ್ ತಮ್ಮ ಮುನ್ನುಡಿಯಲ್ಲಿ ಅದನ್ನು ಕೈಗೆ ಸಿಗದ ಹಕ್ಕಿಯ ಹಾಡಿಗೆ ಹೋಲಿಸಿದ್ದಾರೆ. ಇದನ್ನು ಪಠಣವೆನ್ನುವುದಾದರೆ ಸಾಮಗಾನವನ್ನೂ ಪಠಣವೆಂದೇ ಕರೆಯಬೇಕಾದೀತು. ಆದ್ದರಿಂದ ಸಂಪ್ರದಾಯದ ಹೆಸರಾಗಿ ‘ಗ್ರೆಗೋರಿಯನ್ ಗಾನ’ ಸರಿಯೆಂದು ನನಗೆ ತೋರುತ್ತದೆ.

‘ಪ್ಲೆಂ’ ಎಂಬುದನ್ನು ‘ಸಾದಾ’ ಎಂದು ತಿಳಿಯುವುದೂ ತಪ್ಪೇ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ‘ಸಮತಲ’ ಎಂಬ ಅರ್ಥ. ಕಾಲಪ್ರಮಾಣವನ್ನು ಅಳೆದು ಹಾಡುವ ಸಂಗೀತದಿಂದ ಇದನ್ನು ಬೇರ್ಪಡಿಸಲು ಮಧ್ಯಯುಗದವರು ಆ ಪದವನ್ನು ಬಳಸಿದರು. ತಾಳದ ಕಟ್ಟಿಲ್ಲದೆ ಹಾಡುವ ಉಗಾಭೋಗವನ್ನು ನೆನೆದರೆ ಕನ್ನಡದ ಓದುಗರಿಗೆ ವಿಷಯ ಬೇಗ ಹಿಡಿಯುತ್ತದೆ. ಆದರೆ ಉಗಾಭೋಗದಲ್ಲಿ ರಾಗವನ್ನು ಬೆಳೆಸುವ ಸ್ವಾತಂತ್ರ್ಯ ಹಾಡುವವರಿಗಿದೆ, ಇಲ್ಲಿ ಸ್ವರಗಳೆಲ್ಲ ಮೊದಲೇ ಗೊತ್ತಾಗಿರುತ್ತವೆ. ಹಾಗಾಗಿ ಹೋಲಿಕೆಯನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಸಾಕು.

ಸಿಂಫೊನಿಯ ಹೆಸರಿನ ‘ರೊಮಾನ್’ ಅನ್ನು ‘ರೋಮನ್’ ಎಂದು ಬರೆಯುವಂತಿಲ್ಲವೆಂಬುದು ಖಚಿತ, ಏಕೆಂದರೆ ರೋಮಿಗೆ ಸಂಬಂಧಪಟ್ಟದ್ದಕ್ಕೆ ಫ್ರೆಂಚಿನಲ್ಲಿ ‘ರೊಮೆಂ’ ಎಂಬ ಬೇರೆಯೇ ಪದವಿದೆ. ‘ರೊಮಾನ್’ ಎಂಬುದು ಗೋಥಿಕ್‌ಗಿಂತ ಹಿಂದಿನ, ಅರೆವೃತ್ತದ ಕಮಾನುಗಳ ಶಿಲ್ಪಶೈಲಿಯ ಹೆಸರು. ‘ರೊಮಾನೆಸ್ಕ್ ಸಿಂಫೊನಿ’ ಎಂದೇ ಇಟ್ಟಿದ್ದೇನೆ. ಹಾಗೆಯೇ ಕಟ್ಟಡದ ಮಾತು ಬಂದಲ್ಲಿ ‘ಪ್ರೇರಿತ’ ಎಂದೂ ಗಾನದ ಮಾತು ಬಂದಲ್ಲಿ ‘ಆಧರಿಸಿದ’ ಎಂದೂ ಬೇರ್ಪಡಿಸಿದ್ದೇನೆ. ಕಲ್ಲಿನ ಕಮಾನು ಸಂಗೀತಕ್ಕೆ ಸ್ಫೂರ್ತಿಯನ್ನಷ್ಟೇ ಕೊಡಬಲ್ಲದು, ಗಾನವಾದರೋ ಸ್ವರಗಳನ್ನೇ ಕೊಡುತ್ತದೆ.

ಉಳಿದಿರುವ ಪ್ರಶ್ನೆ ಒಂದೇ. ಇಡೀ ಸಂಪ್ರದಾಯವನ್ನಲ್ಲದೆ ಒಂದು ಹಾಡಿನ ಸ್ವರಸಂಚಾರವನ್ನು ಮಾತ್ರ ಹೇಳಬೇಕಾದಾಗ ಯಾವ ಪದವನ್ನು ಬಳಸಬೇಕು? ‘ಮಟ್ಟು’ ಚೆಲುವಾದ ಪದ, ಆದರೆ ಯಕ್ಷಗಾನದ ಬಳಕೆಯಲ್ಲಿ ಅದಕ್ಕೆ ಛಂದಸ್ಸಿನ, ತಾಳದ ನಂಟು ಬಲವಾಗಿದೆ. ‘ಧಾಟಿ’ಗೆ ಆ ನಂಟು ಅಷ್ಟಿಲ್ಲವಾದರೂ ‘ಮಾತಿನ ಧಾಟಿ’ ಎಂಬಂತೆ ಶೈಲಿ ಎಂಬ ಅರ್ಥವೂ ಅದಕ್ಕಿರುವುದರಿಂದ, ‘ವಿದೋರ್ ಅವರ ಧಾಟಿ’ ಎಂದೊಡನೆ ಅರ್ಥ ಜಾರುತ್ತದೆ. ಗೋಥಿಕ್ ಸಿಂಫೊನಿಯ ಮೂರನೆಯ ಭಾಗದ ಬಗ್ಗೆ ನಾನು ಬರೆದಿರುವ ವಾಕ್ಯ ಹೀಗಿದೆ: “ಕೈಗಳು ಫ್ಯೂಗ್ ನುಡಿಸುತ್ತಿರುವಾಗಲೇ ಕ್ರಿಸ್‌ಮಸ್ಸಿನ ‘ಪುಎರ್ ನಾತುಸ್’ ಧಾಟಿ ಕಾಲಿನ ಮನೆಗಳಲ್ಲಿ ದೀರ್ಘಸ್ವರಗಳಾಗಿ ಮೂಡುತ್ತದೆ.” (ಒಂದೇ ಸ್ವರಪಂಕ್ತಿಯನ್ನು ಹಲವು ಎಳೆಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆಯೇ ಫ್ಯೂಗ್.) ಹಾರ್ಮೋನಿಯಂ ನುಡಿಸುವವರ ‘ಮನೆ’ ಎಂಬ ಮಾತನ್ನೇ ಆರ್ಗನ್ನಿನ ಪೆಡಲಿಗೂ ಇಟ್ಟಿದ್ದೇನೆ. ಈ ವಾಕ್ಯವನ್ನು ಓದಿದಾಗ ‘ಧಾಟಿ’ ತಮಗೆ ಹಾಡಿನ ಸ್ವರಗಳಾಗಿ ಕೇಳಿಸುತ್ತದೆಯೋ, ಹಾಡುವ ರೀತಿಯಾಗಿ ಕೇಳಿಸುತ್ತದೆಯೋ, ದಯವಿಟ್ಟು ತಿಳಿಸಬೇಕು.