5 ಕೆ.ಜಿ. ಟರ್ಕಿ ಕೋಳಿ, 28 ಲೀಟರ್ ಓಟಿಜಿ: ಕ್ರಿಸ್‌ಮಸ್‌ಗೆ ಹೆಂಗೆ ಬೇಯಿಸೋದು?

ಕೋಟೆಗುಡ್ಡ (ಬಳ್ಳಾರಿ)
25ಕ್ಕೆ ಮಧ್ಯಾಹ್ನ ಊಟಕ್ಕೆ 12 ಜನ. ಟರ್ಕಿ ಕ್ಲೀನ್ ಮಾಡಿಸಿದ್ ಮೇಲೆ 5 ಕೆ.ಜಿ. ಐತೆ, ಈಗ ಫ್ರೀಜರ್‌ನಾಗೆ ಕಲ್ಲಾಗೈತೆ. ಓಟಿಜಿ (ಕರೆಂಟಿನ ಸಣ್ಣ ಓವನ್) 28 ಲೀಟರ್, ಇಡೀದು ಹಿಡಿಯಲ್ಲ. ಬೇಕರಿ ಭಟ್ಟಿಗೆ ಕೊಡೋದಾ, ಎಣ್ಣೆಯಾಗೆ ಕರಿಯೋದಾ, ಬಿರಿಯಾನಿನೇ ಮಾಡಿಬಿಡೋದಾ? ಎದೆ ಮಾಂಸ ಹತ್ತಿ ಅಗಿದಂಗೆ ಆಗಬಾರದು ನೋಡ್ರಿ.

ರೊಟ್ಟಿಬುತ್ತಿ (ರಾಯಚೂರು)
ಮೊದಲು ಕರಗಿಸೋ ಲೆಕ್ಕ ಹಾಕ್ರಿ. ಫ್ರಿಜ್‌ನ ಕೆಳಗಿನ ತಟ್ಟಿಯೊಳಗ, ಅಗಲ ಪಾತ್ರೆಯಲ್ಲಿಟ್ಟರ 5 ಕೆ.ಜಿ.ಗೆ ಎರಡರಿಂದ ಎರಡೂವರೆ ದಿನ ಬೇಕು. ಉಪ್ಪು ಹಚ್ಚಿಡೋಕ ಇನ್ನೊಂದು ರಾತ್ರಿ. ಅಂದ್ರ 21ರ ರಾತ್ರಿನೇ ಫ್ರೀಜರ್‌ನಿಂದ ಕೆಳಗಿಳಿಸ್ರಿ. ಕಟ್ಟೆ ಮ್ಯಾಲ ಇಟ್ಟು ಕರಗಿಸಬ್ಯಾಡ್ರಿ. ನಮ್ಮ ಕಡೆ ಡಿಸೆಂಬರ್ ಮಧ್ಯಾಹ್ನ ಅಂದ್ರೂ ಬಿಸಿಲೇ. ಒಳಗ ಐಸ್ ಇರ್ತದ, ಮ್ಯಾಲ ಕೆಡೋಕ ಶುರುವಾಗಿರ್ತದ.

ಇಡೀದಾಗಿ ಬೇಯಿಸೋ ಆಸೆ ಬಿಡ್ರಿ ಅಂತೀನಿ. ಎದಿ 74 ಡಿಗ್ರಿಗೆ ಬೆಂದಿರ್ತದ, ಅಲ್ಲಿಂದ ಮುಂದ ಬರೀ ಒಣಗೋದೇ. ತೊಡಿ 74ಕ್ಕ ತಿನ್ನಬಹುದು, ಆದರ ನಾರು ಸಡಿಲಾಗೋದು 80 ದಾಟಿದ ಮ್ಯಾಲ. ಒಂದೇ ಟ್ರೇನಾಗ ಎರಡನ್ನೂ ಒಲಿಸೋದು ಕಷ್ಟ. ಎರಡು ಕಾಲು ಬಿಡಿಸಿ, ಎದಿ ಎಲುಬಿನ ಸಮೇತ ಬ್ಯಾರೆ ಮಾಡ್ರಿ. ರೆಕ್ಕಿ, ಬೆನ್ನು ಸಾರಿಗೆ.

ಕಾಲಿನ ಕೆಲಸ ಮರೀಬ್ಯಾಡ್ರಿ. ಕೆಳಗಿನ ಗೆಣ್ಣಿನ ಹತ್ತಿರ ಚರ್ಮ ಸುತ್ತಲೂ ಕೊಯ್ದರ ಬಿಳಿ ಕಡ್ಡಿಯಂಥ ನರಗಳು ಕಾಣ್ತಾವ. ಒಂದೊಂದನ್ನೇ ಪ್ಲೈಯರ್‌ನಿಂದ ಹಿಡಿದು ಎಳೀರಿ, ಉದ್ದಕ್ಕ ಬರ್ತಾವ. ಬಿಟ್ಟರ ತಿನ್ನೋವಾಗ ಬಾಯಿಗೆ ಮೀನಿನ ಮುಳ್ಳಿನಂಗ ಸಿಗ್ತಾವ, ಎಷ್ಟು ಸೀಟಿ ಹೊಡೆಸಿದರೂ ಮೆತ್ತಗಾಗಂಗಿಲ್ಲ.

ಉಪ್ಪು ಕೆ.ಜಿ.ಗೆ 10 ಗ್ರಾಂ. 24ರ ಬೆಳಿಗ್ಗೆ ಹಚ್ಚಿ, ಮುಚ್ಚದೇ ಫ್ರಿಜ್‌ನಾಗ ಇಡ್ರಿ. ಚರ್ಮ ಒಣಗಿದಷ್ಟೂ ಗರಿ ಆಗ್ತದ. ಆಮೇಲೆ ಮಸಾಲಿಗೆ ಮತ್ತ ಉಪ್ಪು ಬ್ಯಾಡ. ಎದಿ ಸುಮಾರು 2 ಕೆ.ಜಿ. ಬರ್ತದ, ನಿಮ್ಮ ಓಟಿಜಿಗೆ ಸಾಕು. ಚರ್ಮದ ಒಳಗ ಬೆಣ್ಣಿ ತುರುಕಿ 180 ಡಿಗ್ರಿ, ಒಂದೂವರೆ ತಾಸಿನ ಆಸುಪಾಸು. ಸಣ್ಣ ಓಟಿಜಿಯಲ್ಲಿ ಮ್ಯಾಲಿನ ರಾಡ್ ಹತ್ತಿರ ಇರ್ತದ, ಕಪ್ಪಾಗೋಕ ಹತ್ತಿದರ ಫಾಯಿಲ್ ಮುಚ್ಚಿರಿ.

ಗಂಗಾವತಿ ಅಕ್ಕಿ (ಕೊಪ್ಪಳ)
ರೊಟ್ಟಿಬುತ್ತಿಯವರು ಹೇಳಿದ್ದು ಖರೇ, ಆದ್ರ ಹಬ್ಬದ ಟೇಬಲ್ ಮ್ಯಾಲ ಇಡೀ ಕೋಳಿನೇ ಕಾಣಬೇಕು ಅನ್ನೋರೂ ಇರ್ತಾರ. ಅವರಿಗೆ ಬೇಕರಿ ಭಟ್ಟಿ ಐತಿ. ಬೆನ್ನೆಲುಬಿನ ಎರಡೂ ಕಡೆ ಗಟ್ಟಿ ಕತ್ತರಿಯಿಂದ ಕತ್ತರಿಸಿ ತೆಗೀರಿ, ಮಗುಚಿ ಎದಿ ಎಲುಬು ಲಟಕ್ ಅನ್ನೋಹಂಗ ಅಂಗೈಯಿಂದ ಒತ್ತಿ ಚಪ್ಪಟಿ ಮಾಡ್ರಿ. ಹಿಂಗ ಮಾಡಿದರ ತೊಡಿಗೂ ಬಿಸಿ ನೇರ ಬಡೀತೈತಿ. 220 ಡಿಗ್ರಿಯಲ್ಲಿ 80-90 ನಿಮಿಷ. ದುಂಡಗೇ ಇಟ್ಟರ 165 ಡಿಗ್ರಿಯಲ್ಲಿ ಮೂರು ತಾಸಿನ ಹತ್ತಿರ ಹೋಗತೈತಿ, ಅಷ್ಟೊತ್ತು ಯಾವ ಬೇಕರಿಯವರೂ ಭಟ್ಟಿ ಬಿಟ್ಟುಕೊಡಂಗಿಲ್ಲ. ಮೊದಲೇ ಟ್ರೇ ಒಯ್ದು ಬಾಗಿಲಿಗೆ ಹಿಡಿಸತೈತೇನು ನೋಡ್ರಿ.

ಮೊಸರು, ಬ್ಯಾಡಗಿ ಖಾರದ ಮಸಾಲಿ ಕಡೀ 20 ನಿಮಿಷಕ್ಕ ಹಚ್ಚಿರಿ. ಮೊದಲೇ ಬಳಿದರ 220ಕ್ಕ ಖಾರ ಸುಟ್ಟು ಕಹಿ ಆಕ್ಕೈತಿ.

ಎಣ್ಣಿಯಾಗ ಕರಿಯೋದು ಬ್ಯಾಡವೇ ಬ್ಯಾಡ. ಹೊಟ್ಟಿಯೊಳಗ ಒಂದು ಮುಷ್ಟಿ ನೀರೋ ಐಸೋ ಉಳಿದಿದ್ದರೂ 175 ಡಿಗ್ರಿ ಎಣ್ಣಿಯಾಗ ಒಮ್ಮೆಲೇ ಹಬೆಯಾಗಿ ಎಣ್ಣಿ ಉಕ್ಕಿ ಒಲಿ ಮ್ಯಾಲ ಬೀಳತೈತಿ. ಅಡುಗಿಮನಿಯಾಗ ಆ ಆಟ ಯಾಕ?

ಕೋಟೆಗುಡ್ಡ (ಬಳ್ಳಾರಿ)
ಬಿಡಿಸಿಯೇ ಮಾಡ್ತೀನಿ. ಕಾಲು ಬಿರಿಯಾನಿಗೆ ಹಾಕಿದ್ರೆ? ಥರ್ಮಾಮೀಟರ್ ಇಲ್ದೆ ನಡೆಯುತ್ತಾ?

ರೊಟ್ಟಿಬುತ್ತಿ (ರಾಯಚೂರು)
ಬಿರಿಯಾನಿಗೆ ಕಾಲೇ ಸರಿ. ಆದರ ಹಸಿ ಮಾಂಸ ಹಾಕಿ ದಮ್ ಕಟ್ಟಬ್ಯಾಡ್ರಿ, ಬಲಿತ ಹಕ್ಕಿ ಅಕ್ಕಿ ಜೊತಿ ಬೇಯಂಗಿಲ್ಲ. ಮೊಸರು, ಶುಂಠಿ-ಬೆಳ್ಳುಳ್ಳಿ ಹಾಕಿ ಕುಕ್ಕರ್‌ನಾಗ ಮೊದಲ ಸೀಟಿ ಆದಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ತೆಗೆದು ಉಗುರಿನಿಂದ ಒತ್ತಿ ನೋಡ್ರಿ. ಬಿಗಿ ಅನಿಸಿದರ ಇನ್ನೂ ಹತ್ತು ನಿಮಿಷ. 2 ಕೆ.ಜಿ. ಮಾಂಸಕ್ಕ ಒಂದೂವರೆ ಕೆ.ಜಿ. ಅಕ್ಕಿ, ಮುಕ್ಕಾಲು ಬೇಯಿಸಿ ಬಸಿದು, 20 ನಿಮಿಷ ದಮ್.

ಥರ್ಮಾಮೀಟರ್ ಕೊಂಡುಬಿಡ್ರಿ, ಕೋಳಿಗಿಂತ ಅಗ್ಗ. ಚುಚ್ಚಿದಾಗ ಬಿಳಿ ನೀರು ಬಂತು, ಬೆಂದದ ಅನ್ನೋದು ನಂಬೋ ಮಾತಲ್ಲ. ಒಂದು ತಾಸಿಗೇ ಎದಿಯ ದಪ್ಪ ಭಾಗಕ್ಕ ಚುಚ್ಚಿ ನೋಡೋಕ ಶುರು ಮಾಡ್ರಿ. ಮೊನೆ ಎಲುಬಿಗೆ ತಾಗಬಾರದು, ತಾಗಿದರ ಅಂಕಿ ತಪ್ಪು ತೋರಿಸ್ತದ. 74 ಬಂದ ಕೂಡಲೇ ಹೊರಗ ತೆಗೆದು ಅರ್ಧ ತಾಸು ಹಂಗೇ ಬಿಟ್ಟು ಕೊಯ್ರಿ, ಅದೂ ಎಳಿಗೆ ಅಡ್ಡ.