ಮ್ಯಾಂಗೋಸ್ಟೀನ್ ಸಸಿಯ ಎಲೆಯಂಚು ಸುಡುತ್ತಿದೆ, ಬೆಳವಣಿಗೆಯೂ ನಿಂತಿದೆ: ಪರಿಹಾರವೇನು?

ಬೆಂಗಳೂರಿನ ಬಾಲ್ಕನಿ (ಏಪ್ರಿಲ್)

ಎಲ್ಲರಿಗೂ ನಮಸ್ಕಾರ. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಬೆಳ್ತಂಗಡಿಯ ನಮ್ಮ ತಾಯಿಯ ಮನೆಗೆ ಹೋದಾಗ, ನೆರೆಯ ತೋಟದವರು ಕೊಟ್ಟ ಮ್ಯಾಂಗೋಸ್ಟೀನ್ ಹಣ್ಣುಗಳ ಬೀಜಗಳನ್ನು ತಂದು ಇಲ್ಲಿ ಹಾಕಿದ್ದೆ. ತೊಳೆದು ನೆರಳಿನಲ್ಲಿ ಒಣಗಿಸಿ, ವಾರ ಬಿಟ್ಟು ಹಾಕಿದವುಗಳಲ್ಲಿ ಒಂದೂ ಮೊಳೆಯಲಿಲ್ಲ. ತಂದ ದಿನವೇ ತೆಂಗಿನ ನಾರಿನ ಪುಡಿಯಲ್ಲಿ ಊರಿದವುಗಳಲ್ಲಿ ಕೆಲವು ಮೊಳೆತವು. ಅವುಗಳಲ್ಲಿ ಈಗ ಒಂದೇ ಸಸಿ ಉಳಿದಿದ್ದು, ಸುಮಾರು ಒಂದು ಗೇಣು ಎತ್ತರವಿದೆ.

ಫೆಬ್ರವರಿಯಿಂದ ಈಚೆಗೆ ಅದರ ಎಲೆಗಳು ತುದಿಯಿಂದ ಆರಂಭವಾಗಿ ಅಂಚಿನುದ್ದಕ್ಕೂ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗುತ್ತಿವೆ. ಎಲೆಯ ನಡುಭಾಗ ಮಾತ್ರ ಹಸಿರಾಗಿಯೇ ಇದೆ. ಹುಳುವಾಗಲಿ ಬೂಷ್ಟಾಗಲಿ ಕಾಣುತ್ತಿಲ್ಲ. ದೀಪಾವಳಿಯ ನಂತರ ಒಂದೂ ಹೊಸ ಚಿಗುರು ಬಂದಿಲ್ಲ. ಗೊಬ್ಬರ ಹೆಚ್ಚಿಸಬೇಕೇ, ಅಥವಾ ಯಾವುದಾದರೂ ಔಷಧಿ ಸಿಂಪಡಿಸಬೇಕೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಗುಲಾಬಿ ತೋಟ

ಎಲೆಯ ತುದಿ ಸುಡುವುದು ಸಾಮಾನ್ಯವಾಗಿ ಸುಣ್ಣದ ಅಂಶದ ಕೊರತೆಯಿಂದ. ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿ ಬುಡಕ್ಕೆ ಹಾಕಿ, ಅದರೊಂದಿಗೆ ಒಂದು ಹಿಡಿ ಒಲೆಬೂದಿಯನ್ನೂ ಸೇರಿಸಿ. ಬೆಳವಣಿಗೆಗೆ ಹದಿನೈದು ದಿನಕ್ಕೊಮ್ಮೆ ಒಂದು ಚಮಚ ಡಿಎಪಿ ರಾಸಾಯನಿಕ ಗೊಬ್ಬರ ಕೊಟ್ಟರೆ ಚಿಗುರು ಬಂದೇ ಬರುತ್ತದೆ. ನನ್ನ ಗುಲಾಬಿಗಳಿಗೆ ಇದನ್ನೇ ಮಾಡುತ್ತಿದ್ದೇನೆ.

ಪುತ್ತೂರಿನ ಹಿತ್ತಲು

ಮೇಲಿನ ಸಲಹೆ ಗುಲಾಬಿಗೆ ಸರಿಯಿರಬಹುದು, ಆದರೆ ಈ ಸಸಿಗೆ ದಯವಿಟ್ಟು ಅದನ್ನು ಮಾಡಬೇಡಿ. ಮ್ಯಾಂಗೋಸ್ಟೀನ್‌ಗೆ ತುಸು ಹುಳಿ ಮಣ್ಣು, ಅಂದರೆ ರಸಸಾರ (ಪಿಎಚ್) 5.5ರಿಂದ 6.5ರ ನಡುವೆ ಇರುವ ಮಣ್ಣು ಒಗ್ಗುತ್ತದೆ. ಬೂದಿಯೂ ಮೊಟ್ಟೆಯ ಚಿಪ್ಪೂ ಅದನ್ನು ಕ್ಷಾರದ ಕಡೆಗೆ ಎಳೆಯುತ್ತವೆ. ನಮ್ಮ ಕಡೆ ಎಲ್ಲ ಗಿಡಗಳಿಗೂ ಹಾಕುವ ಸುಡುಮಣ್ಣನ್ನು (ತರಗೆಲೆಯೊಂದಿಗೆ ಸುಟ್ಟ ಮಣ್ಣನ್ನು) ಕೂಡ ಇದರ ಚಟ್ಟಿಗೆ ನಾನು ಹಾಕುವುದಿಲ್ಲ. ಡಿಎಪಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ದೂರುಗಳಿದ್ದು, ಅವುಗಳಲ್ಲಿ ಒಂದು ರೋಗವೇ ಅಲ್ಲ. ಬೀಜದಿಂದ ಬೆಳೆದ ಮ್ಯಾಂಗೋಸ್ಟೀನ್ ಒಂದಡಿ ಎತ್ತರವಾಗುವುದಕ್ಕೆ ಎರಡು ವರ್ಷ ಹಿಡಿಯುವುದು ಸಾಮಾನ್ಯ ಸಂಗತಿ. ಅದು ಎಡೆಬಿಡದೆ ಬೆಳೆಯುವ ಗಿಡವಲ್ಲ. ತಾಮ್ರದ ಕೆಂಪಿನ ಒಂದು ಜೋಡಿ ಎಲೆ ಬಿಟ್ಟು, ಅವು ಬಲಿತು ದಪ್ಪಗಾದ ಮೇಲೆ ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಇನ್ನೊಂದು ಜೋಡಿಯನ್ನು ಬಿಡುತ್ತದೆ. ಆ ಸುಮ್ಮನಿರುವ ಅವಧಿಯಲ್ಲಿ ಗಾಬರಿಗೊಂಡು ಗೊಬ್ಬರ ಸುರಿದವರ ಸಸಿಗಳೇ ಹೆಚ್ಚಾಗಿ ಸಾಯುತ್ತವೆ.

ಎರಡನೆಯ ದೂರು, ಅಂದರೆ ಅಂಚು ಸುಡುವುದು, ನಿಜವಾದ ತೊಂದರೆಯೇ. ಆದರೆ ಅದರ ಮೂಲ ಎಲೆಯಲ್ಲಿಲ್ಲ, ಬೇರಿನಲ್ಲಿದೆ. ಈ ಗಿಡದ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಕವಲು ಬೇರುಗಳು ವಿರಳ, ನೀರನ್ನು ಹೀರುವ ಬೇರುರೋಮಗಳಂತೂ ಇಲ್ಲವೆಂದೇ ಹೇಳಬೇಕು. ಹಾಗಾಗಿ ಮಣ್ಣಿನಲ್ಲಿ ಉಪ್ಪಿನಂಶ ಸ್ವಲ್ಪ ಏರಿದರೂ, ಒಂದೆರಡು ದಿನ ಮಣ್ಣು ಪೂರ್ತಿ ಒಣಗಿದರೂ, ಎಲೆಗೆ ಬೇಕಾದಷ್ಟು ನೀರನ್ನು ಮೇಲಕ್ಕೆ ಕಳಿಸುವುದು ಅದಕ್ಕೆ ಸಾಧ್ಯವಾಗುವುದಿಲ್ಲ. ನೀರು ಕೊನೆಯದಾಗಿ ತಲುಪುವ ತುದಿ ಮತ್ತು ಅಂಚುಗಳು ಮೊದಲು ಒಣಗುತ್ತವೆ. ಬಿಸಿಲಿನಿಂದ ಸುಟ್ಟಿದ್ದರೆ ಗುರುತು ಬೇರೆಯಾಗಿರುತ್ತಿತ್ತು: ಬಿಸಿಲು ಬೀಳುವ ಮಗ್ಗುಲಿನಲ್ಲಿ, ಎಲೆಯ ನಡುವೆಯೇ, ಬಿಳಿಚಿದ ಮಚ್ಚೆಗಳು ಕಾಣಿಸುತ್ತಿದ್ದವು. ಬುಡ ಕೊಳೆಯುತ್ತಿದ್ದರೆ ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ ಮೆತ್ತಗಾಗಿ, ಎಲೆಗಳು ಹಸಿರಾಗಿರುವಾಗಲೇ ಜೋಲುತ್ತಿದ್ದವು.

ಖಚಿತವಾಗಿ ಹೇಳುವ ಮೊದಲು ನನಗೆ ಕೆಲವು ವಿವರಗಳು ಬೇಕು. ಚಟ್ಟಿ ಎಷ್ಟು ಆಳವಿದೆ, ಅದರ ಕೆಳಗೆ ತಟ್ಟೆ ಇಟ್ಟಿದ್ದೀರಾ, ಮಣ್ಣಿಗೆ ಏನೇನು ಬೆರೆಸಿದ್ದೀರಿ, ಬಿಸಿಲು ಯಾವ ಹೊತ್ತಿನದು, ಮತ್ತು ಮುಖ್ಯವಾಗಿ, ಹಾಕುತ್ತಿರುವ ನೀರು ಎಲ್ಲಿಯದು?

ಬೆಂಗಳೂರಿನ ಬಾಲ್ಕನಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಚಟ್ಟಿ ಸುಮಾರು 6 ಅಂಗುಲ ಆಳದ ಪ್ಲಾಸ್ಟಿಕ್ಕಿನದು. ನೆಲ ಒದ್ದೆಯಾಗಬಾರದೆಂದು ಕೆಳಗೆ ತಟ್ಟೆ ಇಟ್ಟಿದ್ದೇನೆ. ಅದರ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದೆ. ನರ್ಸರಿಯಲ್ಲಿ ಸಿಗುವ ನಾರಿನ ಪುಡಿಯ ಇಟ್ಟಿಗೆಯನ್ನು ನೆನೆಸಿ, ಅದಕ್ಕೆ ಅಷ್ಟೇ ಪ್ರಮಾಣದ ಎರೆಗೊಬ್ಬರವನ್ನೂ ಸ್ವಲ್ಪ ಕೆಮ್ಮಣ್ಣನ್ನೂ ಬೆರೆಸಿದ್ದೆ. ಬಾಲ್ಕನಿ ಪಶ್ಚಿಮಕ್ಕಿದೆ, ಆದರೆ ಸಸಿ ಗೋಡೆಯ ಮರೆಯಲ್ಲಿರುವುದರಿಂದ ಸಂಜೆಯ ಎಳೆ ಬಿಸಿಲು ಮಾತ್ರ ತಾಗುತ್ತದೆ. ಫೆಬ್ರವರಿಯಿಂದ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು ಬರುತ್ತಿದ್ದು, ನೀರು ವ್ಯರ್ಥವಾಗಬಾರದೆಂದು ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಿದ್ದೇವೆ. ಉಳಿದ ಗಿಡಗಳೆಲ್ಲ ಚೆನ್ನಾಗಿಯೇ ಇವೆ.

ಪುತ್ತೂರಿನ ಹಿತ್ತಲು

ಕಾರಣ ಸಿಕ್ಕಿತು ಎಂದುಕೊಳ್ಳುತ್ತೇನೆ. ಆರ್‌ಒ ಯಂತ್ರ ನೀರಿನಲ್ಲಿರುವ ಲವಣಗಳನ್ನು ಇಲ್ಲವಾಗಿಸುವುದಿಲ್ಲ. ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣಗಳನ್ನು ಆ ಹೊರಬಿಡುವ ನೀರಿಗೇ ಸೇರಿಸಿ ಕಳಿಸುತ್ತದೆ. ಟ್ಯಾಂಕರಿನ ಕೊಳವೆಬಾವಿ ನೀರು ಮೊದಲೇ ಗಡಸಾಗಿದ್ದರೆ, ನೀವು ಹಾಕುತ್ತಿರುವುದು ಅದಕ್ಕಿಂತಲೂ ಗಡಸಾದ ನೀರು. ದಾಸವಾಳ, ಮನಿಪ್ಲಾಂಟ್ ಇತ್ಯಾದಿಗಳು ಅದನ್ನು ಬಹುಕಾಲ ತಾಳಿಕೊಳ್ಳಬಹುದು, ಮ್ಯಾಂಗೋಸ್ಟೀನ್ ತಾಳುವುದಿಲ್ಲ. ಹರಿದು ತಟ್ಟೆಗೆ ಇಳಿದ ನೀರನ್ನು ಒಣಗಿದ ಮಣ್ಣು ಮತ್ತೆ ಮೇಲಕ್ಕೆ ಹೀರಿಕೊಳ್ಳುವುದರಿಂದ ಉಪ್ಪು ಹೊರಗೆ ಹೋಗಲು ದಾರಿಯೇ ಇಲ್ಲವಾಗಿದೆ. ತಟ್ಟೆಯ ಬಿಳಿಯ ಪೊರೆ ಅದೇ ಉಪ್ಪು. ಇದರ ಜೊತೆಗೆ, ತೊಳೆಯದ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುತ್ತವೆ; ನೆನೆಸುವುದು ಮಾತ್ರ ಸಾಲದು, ಹಿಂಡಿ ಹಿಂಡಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಎರೆಗೊಬ್ಬರವೂ ಅರ್ಧದಷ್ಟು ಹಾಕುವಂಥದ್ದಲ್ಲ. ಇಂತಹ ಮಣ್ಣಿಗೆ ಡಿಎಪಿಯನ್ನೂ ಸೇರಿಸಿದ್ದರೆ ಉಪ್ಪಿನ ಮೇಲೆ ಉಪ್ಪು ಹೇರಿದಂತಾಗುತ್ತಿತ್ತು.

ಇವತ್ತೇ ಮಾಡಬೇಕಾದ ಕೆಲಸ ಚಟ್ಟಿಯ ಮಣ್ಣನ್ನು ತೊಳೆಯುವುದು. ತಟ್ಟೆಯನ್ನು ತೆಗೆದು, ಚಟ್ಟಿಯನ್ನು ಬಚ್ಚಲಿನಲ್ಲಿ ಎರಡು ಇಟ್ಟಿಗೆಗಳ ಮೇಲಿಟ್ಟು, ಆರ್‌ಒ ಯಂತ್ರದ ಕುಡಿಯುವ ನೀರನ್ನು ಚಟ್ಟಿಯ ಗಾತ್ರದ ಮೂರರಷ್ಟಾದರೂ ನಿಧಾನವಾಗಿ ಸುರಿದು ಪೂರ್ತಿ ಬಸಿಯಲು ಬಿಡಿ. ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದಕ್ಕೆ ಮನಸ್ಸು ಒಪ್ಪದಿರಬಹುದು, ಆದರೆ ಒಂದು ಸಣ್ಣ ಚಟ್ಟಿಗೆ ಬೇಕಾಗುವುದು ಕೆಲವೇ ಲೀಟರ್. ನಿಮ್ಮಲ್ಲಿ ಏಪ್ರಿಲ್-ಮೇಯಲ್ಲಿ ಮಾವಿನ ಮಳೆ ಬರುತ್ತದಲ್ಲ, ಆಗ ಬಕೆಟ್ಟುಗಳನ್ನು ಹೊರಗಿಟ್ಟು ನೀರು ಹಿಡಿದಿಡಿ. ಈ ಗಿಡಕ್ಕೆ ಮಳೆನೀರಿಗಿಂತ ಮಿಗಿಲಾದ ಔಷಧಿಯಿಲ್ಲ. ಮುಂದೆ ಯಾರಾದರೂ ಸಾಫ್ಟನರ್ ನೀರು ಮೆದುವಾಗಿದೆ, ಅದನ್ನು ಹಾಕಬಹುದು ಎಂದು ಹೇಳಿದರೆ ಕೇಳಬೇಡಿ. ಅದರಲ್ಲಿ ಸುಣ್ಣದ ಬದಲು ಸೋಡಿಯಂ ಬಂದಿರುತ್ತದೆ. ಬಟ್ಟೆಗೆ ಒಳ್ಳೆಯದು, ಬೇರಿಗೆ ಇನ್ನೂ ಕೆಟ್ಟದ್ದು.

ಚಟ್ಟಿಯನ್ನು ಬದಲಿಸುವುದನ್ನು ಈ ಸೆಕೆಯಲ್ಲಿ ಮಾಡಬೇಡಿ, ಜೂನ್‌ವರೆಗೆ ಕಾಯಿರಿ. 6 ಅಂಗುಲದ ಚಟ್ಟಿಯಲ್ಲಿ ತಾಯಿಬೇರು ಈಗಾಗಲೇ ತಳ ಮುಟ್ಟಿ ಸುತ್ತು ಹಾಕಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಅಗಲಕ್ಕಿಂತ ಆಳ ಮುಖ್ಯ. ನಾವು 4 ಅಂಗುಲ ಅಗಲದ ಪಿವಿಸಿ ಪೈಪನ್ನು ಒಂದೂಕಾಲು ಅಡಿ ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಒಂದು ಕಡೆ ಸೀಳಿ, ತಂತಿಯಿಂದ ಬಿಗಿದು ಬಳಸುತ್ತೇವೆ; ಮುಂದೆ ನೆಡುವಾಗ ತಂತಿ ಬಿಚ್ಚಿದರೆ ಬೇರಿಗೆ ಪೆಟ್ಟಾಗದಂತೆ ಮಣ್ಣಿನ ಗಟ್ಟಿ ಇಡಿಯಾಗಿ ಹೊರಗೆ ಬರುತ್ತದೆ. ನಿಮ್ಮ ಸಸಿಯ ಮಣ್ಣಿನ ಗಟ್ಟಿ ಪೈಪಿಗಿಂತ ಅಗಲವಾಗಿದ್ದರೆ ಆಳವಾದ ಗ್ರೋ ಬ್ಯಾಗ್ ತೆಗೆದುಕೊಳ್ಳಿ. ಪೈಪಿಗೆ ಹೊಂದಿಸುವುದಕ್ಕಾಗಿ ಗಟ್ಟಿಯನ್ನು ಕೆತ್ತಬೇಡಿ. ಕೆಮ್ಮಣ್ಣು, ಚೆನ್ನಾಗಿ ತೊಳೆದ ನಾರಿನ ಪುಡಿ, ಕೊಳೆತ ತರಗೆಲೆಯ ಗೊಬ್ಬರ, ಒಂದು ಹಿಡಿ ಮರಳು, ಇಷ್ಟು ಸಾಕು. ಬೇರು ಸುತ್ತಿಕೊಂಡಿದ್ದರೂ ಬಿಡಿಸಲು ಹೋಗಬೇಡಿ, ಕಪ್ಪಾಗಿ ಕೊಳೆತ ಭಾಗವಿದ್ದರೆ ಮಾತ್ರ ಕತ್ತರಿಸಿ.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಹಾಗೆಂದು ಆ ಎಲೆಗಳನ್ನು ಕೀಳಬೇಡಿ; ಹಸಿರಿರುವ ಭಾಗ ಕೆಲಸ ಮಾಡುತ್ತಿದೆ, ಮುಂದಿನ ಚಿಗುರಿಗೆ ಆಹಾರ ಅಲ್ಲಿಂದಲೇ ಬರಬೇಕು.

ಮುರುಗಲಿನ ಮನೆ, ಸಿರ್ಸಿ

ನೀರಿನ ವಿಚಾರದಲ್ಲಿ ಪೂರ್ತಿ ಒಪ್ಪುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಈ ಜಾತಿಯ ಬೇರು ಮಣ್ಣಿನ ಮೈಕೊರೈಜಾ ಶಿಲೀಂಧ್ರದ ನೆರವಿನಿಂದ ಆಹಾರ ಪಡೆಯುವುದರಿಂದ, ಹಣ್ಣು ಬಿಡುವ ಮ್ಯಾಂಗೋಸ್ಟೀನ್ ಮರದ ಬುಡದ ಒಂದು ಬೊಗಸೆ ಮಣ್ಣನ್ನು ಹೊಸ ಮಿಶ್ರಣಕ್ಕೆ ಸೇರಿಸಿದರೆ ಒಳ್ಳೆಯದು. ಅದು ಸಿಗದಿದ್ದರೆ ಅದರ ಹತ್ತಿರದ ಬಂಧುಗಳಾದ ಮುರುಗಲು ಅಥವಾ ಉಪ್ಪಾಗೆ ಮರದ ಬುಡದ ಮಣ್ಣೂ ಆಗಬಹುದು.

ಇನ್ನೊಂದು ಸಂದೇಹವಿದೆ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಮಾಡಿದ ಗಿಡಗಳಲ್ಲಿ ಅರ್ಧದಷ್ಟು ಗಂಡಾಗಿ, ವರ್ಷಗಟ್ಟಲೆ ಸಾಕಿದ ಮೇಲೆ ಕಾಯಿಯೇ ಇಲ್ಲದಿರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಿರುವಾಗ ಒಂದೇ ಒಂದು ಬೀಜದ ಸಸಿಗೆ ಇಷ್ಟು ಶ್ರಮ ಹಾಕುವ ಬದಲು ಕಸಿ ಗಿಡ ತರುವುದು ಮೇಲಲ್ಲವೇ?

ಪುತ್ತೂರಿನ ಹಿತ್ತಲು

ಮ್ಯಾಂಗೋಸ್ಟೀನ್‌ನಲ್ಲಿ ಆ ಭಯ ಬೇಡ. ಇದರ ಬೀಜ ಪರಾಗಸ್ಪರ್ಶದಿಂದ ಆದದ್ದಲ್ಲ. ತಾಯಿಮರದ ಅಂಗಾಂಶದಿಂದಲೇ ನೇರವಾಗಿ ಬೆಳೆದದ್ದು. ಬೆಳೆಸಿರುವ ಮರಗಳೆಲ್ಲ ಹೆಣ್ಣೇ, ಗಂಡು ಮರದ ಅಗತ್ಯವಿಲ್ಲದೆ ಕಾಯಿ ಕಟ್ಟುತ್ತವೆ, ಬೀಜದ ಸಸಿ ತಾಯಿಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ತಳಿ ಕೆಡುತ್ತದೆ ಎಂಬ ಕಾರಣಕ್ಕೆ ಇಲ್ಲಿ ಕಸಿ ಬೇಕಿಲ್ಲ. ಕಸಿ ಗಿಡ ಬೇಗ ಫಲ ಕೊಡುವುದು ನಿಜ, ಆದರೆ ಅದು ಕುಳ್ಳಗೆ ಉಳಿದು ಕಾಯಿಯೂ ಕಡಿಮೆ ಬಿಡುತ್ತದೆ. ಬೀಜದ ಮರ ಎಂಟು ಹತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಯುವಂತೆ ಮಾಡುತ್ತದೆ. ಅಷ್ಟು ತಾಳ್ಮೆ ಇದ್ದವರಿಗೆ ಬೀಜವೇ ಸರಿ ಎಂಬುದು ನನ್ನ ಅಭಿಪ್ರಾಯ.

ಮರದ ಬುಡದ ಮಣ್ಣಿನ ವಿಚಾರದಲ್ಲಿ ನನಗೆ ಸ್ವಲ್ಪ ಹಿಂಜರಿಕೆಯಿದೆ. ಶಿಲೀಂಧ್ರದ ಜೊತೆಗೆ ಗೆದ್ದಲೂ ಬೇರಿನ ಜಂತುಹುಳುಗಳೂ ಬರಬಹುದು. ಮರ ಆರೋಗ್ಯವಾಗಿದೆಯೆಂದು ನೋಡಿಕೊಂಡು, ಮೇಲ್ಪದರದ ತರಗೆಲೆಯ ಅಡಿಯ ಮಣ್ಣನ್ನು ಮಾತ್ರ ತೆಗೆದುಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಬೆಂಗಳೂರಿನ ಬಾಲ್ಕನಿ (ಆಗಸ್ಟ್)

ಎಲ್ಲರಿಗೂ ತಿಳಿಸಬೇಕಾದ ಸಂಗತಿಯಿದೆ. ಹೇಳಿದಂತೆ ಮಣ್ಣನ್ನು ತೊಳೆದು ನೀರನ್ನು ಬದಲಿಸಿದ ಮೇಲೆ ಅಂಚು ಸುಡುವುದು ಅಲ್ಲಿಗೇ ನಿಂತಿತು. ಜೂನ್‌ನಲ್ಲಿ ಆಳವಾದ ಗ್ರೋ ಬ್ಯಾಗಿಗೆ ಸಾಗಿಸಿದೆ; ತಾಯಿಬೇರು ತಳದಲ್ಲಿ ಒಂದು ಸುತ್ತು ಹಾಕಿತ್ತು, ಆದರೆ ಕೊಳೆತಿರಲಿಲ್ಲ. ಈಗ ಕೆಂಪು ಬಣ್ಣದ ಒಂದು ಜೋಡಿ ಎಲೆ ಬಿಚ್ಚಿಕೊಂಡಿದೆ.

ಈ ಸಲವೂ ಊರಿನಿಂದ ಹಣ್ಣು ತಂದು ಬೀಜ ಹಾಕಿದ್ದೇನೆ. ಅವುಗಳಲ್ಲಿ ಒಂದರ ಒಂದು ತುದಿಯಿಂದ ಬೇರೂ ಇನ್ನೊಂದು ತುದಿಯಿಂದ ಚಿಗುರೂ ಹೊರಟು, ಈಗ ಆ ಬೇರು ಒಣಗುತ್ತಿದೆ. ಇದು ಸಾಯುವ ಸೂಚನೆಯೇ? ಹಾಗೆಯೇ ದೊಡ್ಡ ಸಸಿಯನ್ನು ತಾಯಿಯ ಮನೆಯ ಅಡಿಕೆ ತೋಟಕ್ಕೆ ಯಾವಾಗ ಒಯ್ಯಬಹುದು?

ಪುತ್ತೂರಿನ ಹಿತ್ತಲು

ಸಾಯುವ ಸೂಚನೆಯಲ್ಲ. ಮ್ಯಾಂಗೋಸ್ಟೀನ್ ಮೊಳೆಯುವ ಕ್ರಮವೇ ಹಾಗೆ. ಮೊದಲ ಬೇರು ಸ್ವಲ್ಪ ಕಾಲ ಕೆಲಸ ಮಾಡಿ ಒಣಗುತ್ತದೆ; ಚಿಗುರಿನ ಬುಡದಿಂದ ಹೊರಡುವ ಇನ್ನೊಂದು ಬೇರು ಮುಂದೆ ತಾಯಿಬೇರಾಗುತ್ತದೆ. ಆದ್ದರಿಂದ ಬೀಜವನ್ನು ಕಿತ್ತು ನೋಡದೆ, ಅಡ್ಡವಾಗಿ ಮಲಗಿಸಿದ ಸ್ಥಿತಿಯಲ್ಲೇ ಬಿಡಿ. ಒಂದೇ ಬೀಜದಿಂದ ಎರಡು ಚಿಗುರು ಬಂದರೂ ಆಶ್ಚರ್ಯಪಡಬೇಡಿ, ಬಲವಾದದ್ದನ್ನು ಉಳಿಸಿಕೊಂಡರಾಯಿತು. ಇನ್ನೂ ಹಣ್ಣು ಸಿಕ್ಕಿದರೆ ದೊಡ್ಡ ತೊಳೆಗಳ ದಪ್ಪ ಬೀಜಗಳನ್ನೇ, ಒಂದು ಗ್ರಾಂಗಿಂತ ಹೆಚ್ಚು ತೂಗುವವುಗಳನ್ನು, ಆರಿಸಿಕೊಳ್ಳಿ. ತಿರುಳನ್ನು ಪೂರ್ತಿ ತೊಳೆದು, ಒಂದು ದಿನ ನೀರಿನಲ್ಲಿ ನೆನೆಸಿ, ಒಣಗಲು ಬಿಡದೆ ಹಾಕಿದರೆ ಮೂರು ವಾರಗಳ ಸುಮಾರಿಗೆ ಮೊಳಕೆ ಕಾಣುತ್ತದೆ. ಹೊರಗೆ ತೆಗೆದ ಬೀಜ ಒಣಗಿದರೆ ನಾಲ್ಕೈದು ದಿನಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ನೀವು ಮೊದಲು ಒಣಗಿಸಿಟ್ಟವು ಮೊಳೆಯದಿದ್ದುದಕ್ಕೆ ಕಾರಣ ಅದೇ. ಕೂಡಲೇ ಹಾಕಲಾಗದಿದ್ದರೆ ಹಣ್ಣಿನೊಳಗೇ ಇರಲಿ. ಅಲ್ಲಿ ಕೆಲವು ವಾರ ಬದುಕಿರುತ್ತದೆ.

ದೊಡ್ಡ ಸಸಿಯನ್ನು ಮುಂದಿನ ವರ್ಷ ಮಳೆ ಹಿಡಿದ ಮೇಲೆ ನೆಡಿ. ಎರಡಡಿ ದಾಟಿದ ಸಸಿಯನ್ನು ಸಾಗಿಸುವುದು ಅಪಾಯ, ಏಕೆಂದರೆ ಆ ಹೊತ್ತಿಗೆ ತಾಯಿಬೇರು ಗಿಡದ ಎತ್ತರಕ್ಕಿಂತಲೂ ಉದ್ದವಾಗಿರಬಹುದು. ಮೊದಲ ಮೂರು ನಾಲ್ಕು ವರ್ಷ ಅದಕ್ಕೆ ಅರೆನೆರಳು ಬೇಕಾಗಿರುವುದರಿಂದ ಅಡಿಕೆ ತೋಟ ಒಳ್ಳೆಯ ಜಾಗವೇ, ಆದರೆ ಆಮೇಲೆ ಬೆಳಕು ಬೀಳುವಂತೆ ತೋಟದ ಅಂಚನ್ನು ಆರಿಸಿಕೊಳ್ಳಿ. ಬುಡಕ್ಕೆ ಸೋಗೆ ಹೊದಿಸಿ, ಜನವರಿಯಿಂದ ಮಳೆ ಬರುವವರೆಗೆ ನೀರು ತಪ್ಪಿಸಬೇಡಿ. ಅಡಿಕೆಗೆ ಮೈಲುತುತ್ತಿನ ಮದ್ದು ಬಿಡುವ ದಿನ ಸಸಿಯ ಮೇಲೆ ಒಂದು ಗೋಣಿ ಮುಚ್ಚಲು ಮನೆಯವರಿಗೆ ಹೇಳಿಡಿ. ಎಳೆ ಎಲೆಗೆ ಅದು ಬೀಳದಿದ್ದರೆ ಒಳ್ಳೆಯದು. ಇನ್ನು ಸಾಗಿಸುವಾಗ ಕಾರಿನ ಒಳಗೆ, ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಚೀಲವನ್ನು ನೆಟ್ಟಗೆ ನಿಲ್ಲಿಸಿ, ಕಿಟಕಿ ಮುಚ್ಚಿಕೊಂಡು ಒಯ್ಯಿರಿ. ಚಾರ್ಮಾಡಿ ಇಳಿಯುವ ತನಕ ಗಾಳಿ ಹೊಡೆಸಿಕೊಂಡು ಬಂದರೆ ಎಲೆಯಂಚು ಮತ್ತೆ ಒಣಗುತ್ತದೆ.